ಸಾಲುಗಳ ಕ್ರಮ ಬೇರೆ, ಅರ್ಥ ಒಂದೇನಾ? ಸರ್ವರ್ ಕಾನ್ಫಿಗ್ ಫೈಲುಗಳನ್ನು ಹೋಲಿಸುವ ದಾರಿಗಳು

ಹಳೆಯ ಸರ್ವರಿನಲ್ಲಿ ವರ್ಷಗಟ್ಟಲೆ ಹಲವರು ಕೈಯಾಡಿಸಿದ ಒಂದು ಕಾನ್ಫಿಗ್ ಫೈಲ್ (ಪ್ರೋಗ್ರಾಮ್ ಹೇಗೆ ನಡೆಯಬೇಕೆಂಬ ಸೆಟ್ಟಿಂಗ್‌ಗಳ ಫೈಲ್) ಇದೆ. ಹೊಸ ಸರ್ವರಿನಲ್ಲಿ ಅದೇ ಕೆಲಸದ ಫೈಲನ್ನು ಸರ್ವರ್‌ಗಳನ್ನು ತಾನೇ ಸಜ್ಜುಗೊಳಿಸುವ ಆನ್ಸಿಬಲ್ ಸಾಧನದ ಟೆಂಪ್ಲೇಟ್ ಬರೆದುಕೊಟ್ಟಿದೆ. ಎರಡೂ ಒಂದೇ ರೀತಿ ನಡೆಯುತ್ತವೆ ಎಂಬ ಖಾತರಿ ಬೇಕು. ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಡಿಫ್ ಓಡಿಸಿದರೆ ಪರದೆ ತುಂಬ ಕೆಂಪು, ಹಸಿರು. ನಿಜವಾಗಿ ಬದಲಾದ ಸಾಲು ಯಾವುದು, ಬರೀ ಜಾಗ ಬದಲಿಸಿದ ಸಾಲು ಯಾವುದು ಎಂದು ಕಣ್ಣಿನಿಂದಲೇ ಆರಿಸಲು ಕೂತರೆ ಅರ್ಧ ದಿನ ಹೋಗುತ್ತದೆ, ಕೊನೆಗೂ ನಂಬಿಕೆ ಹುಟ್ಟುವುದಿಲ್ಲ.

ಈ ಕೆಲಸಕ್ಕೆ ಹಲವು ದಾರಿಗಳಿವೆ. ಕೆಲವು ಎರಡು ನಿಮಿಷದವು, ಕೆಲವಕ್ಕೆ ಸ್ಕ್ರಿಪ್ಟ್ ಬರೆಯಬೇಕು. ಯಾವುದನ್ನು ಹಿಡಿಯಬೇಕು ಎನ್ನುವುದು ಒಂದು ಪ್ರಶ್ನೆಯ ಮೇಲೆ ನಿಂತಿದೆ: ಈ ಫೈಲನ್ನು ಓದುವ ಪ್ರೋಗ್ರಾಮ್ ಕ್ರಮಕ್ಕೆ ಬೆಲೆ ಕೊಡುತ್ತದೆಯೇ, ಕೊಟ್ಟರೆ ಎಲ್ಲೆಲ್ಲಿ? ಹೋಲಿಕೆ ಎರಡು ರೀತಿಯಲ್ಲಿ ತಪ್ಪಬಹುದು. ಒಂದೇ ಆಗಿರುವುದನ್ನು ಬೇರೆ ಎಂದರೆ ನಿಮ್ಮ ಸಮಯ ಹಾಳು, ಅಷ್ಟೇ. ಬೇರೆ ಆಗಿರುವುದನ್ನು ಒಂದೇ ಎಂದರೆ ಮುಚ್ಚಿರಬೇಕಾದ ಬಾಗಿಲು ತೆರೆದುಕೊಳ್ಳಬಹುದು, ಅದೂ ಯಾರಿಗೂ ಗೊತ್ತಾಗದಂತೆ. ಎರಡನೆಯ ತಪ್ಪಿಗೆ ದಾರಿ ಮಾಡಿಕೊಡುವ ಯಾವ ಸಾಧನವನ್ನೂ ನಾನು ಸುಲಭ ಎಂಬ ಒಂದೇ ಕಾರಣಕ್ಕೆ ಒಪ್ಪುವುದಿಲ್ಲ.

ಮೊದಲು ಬಂದದ್ದು ಗೆಲ್ಲುತ್ತದೋ, ಕೊನೆಗೆ ಬಂದದ್ದೋ

ಒಂದೇ ಸೆಟ್ಟಿಂಗ್ ಎರಡು ಸಲ ಬಂದರೆ ಏನಾಗುತ್ತದೆ ಎನ್ನುವುದು ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ಬದಲಾಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮುಖ್ಯ ಕಾನ್ಫಿಗ್‌ನಲ್ಲಿ ಕೊನೆಯದು ಗೆಲ್ಲುತ್ತದೆ, ಹಿಂದಿನವೆಲ್ಲ ಲೆಕ್ಕಕ್ಕಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲೂ, ಲಿನಕ್ಸ್ ಕರ್ನಲ್ ಸೆಟ್ಟಿಂಗ್‌ಗಳ ಸಿಸ್‌ಸಿಟಿಎಲ್‌ನಲ್ಲೂ ಹಾಗೆಯೇ. ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವರಿನದು ಇದಕ್ಕೆ ಪೂರ್ತಿ ವಿರುದ್ಧ: ಹೆಚ್ಚಿನ ಸೆಟ್ಟಿಂಗ್‌ಗಳಲ್ಲಿ ಮೊದಲು ಸಿಕ್ಕ ಬೆಲೆಯೇ (ವ್ಯಾಲ್ಯೂ) ಕೊನೆಯ ಮಾತು.

ಇದರ ಪರಿಣಾಮ ಸಣ್ಣದಲ್ಲ. ಡೆಬಿಯನ್ ಮತ್ತು ಉಬುಂಟುವಿನ ಈಚಿನ ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್‌ಡಿಯ (ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಮಿನ) ಮುಖ್ಯ ಫೈಲಿನ ತಲೆಯಲ್ಲೇ ಒಂದು ಇನ್‌ಕ್ಲೂಡ್ ಸಾಲಿರುತ್ತದೆ. ಅದು ಪಕ್ಕದ ಡೈರೆಕ್ಟರಿಯ ಸಣ್ಣ ಫೈಲುಗಳನ್ನೆಲ್ಲ ಮೊದಲು ಎಳೆದುಕೊಳ್ಳುತ್ತದೆ. ಅಲ್ಲಿ ಯಾವುದೋ ಫೈಲ್ ಪಾಸ್‌ವರ್ಡ್ ಲಾಗಿನ್‌ಗೆ ಹೌದು ಎಂದಿದ್ದರೆ, ಮುಖ್ಯ ಫೈಲಿನ ಕೆಳಗಡೆ ನೀವು ಬೇಡ ಎಂದು ಬರೆದದ್ದಕ್ಕೆ ಕವಡೆಯಷ್ಟೂ ಬೆಲೆಯಿಲ್ಲ. ಅದೇ ಇನ್‌ಕ್ಲೂಡ್ ಸಾಲನ್ನು ಫೈಲಿನ ಕೊನೆಗೆ ಸರಿಸಿ ನೋಡಿ: ಒಂದಕ್ಷರ ಬದಲಾಗಿಲ್ಲ, ಬರೀ ಕ್ರಮ ಬದಲಾಯಿತು, ಭದ್ರತೆ ತಲೆಕೆಳಗಾಯಿತು.

ನಿಯಮಗಳ ಪಟ್ಟಿಗಳಲ್ಲೂ ಇದೇ ಒಡಕು. ಪೋಸ್ಟ್‌ಗ್ರೆಸ್‌ನಲ್ಲಿ ಯಾರು ಎಲ್ಲಿಂದ ಒಳಬರಬಹುದು ಎಂದು ಹೇಳುವ ಪಿಜಿ_ಎಚ್‌ಬಿಎ ಫೈಲಿನಲ್ಲಿ ಮೊದಲು ಹೊಂದಿಕೆಯಾದ ಸಾಲೇ ಅಂತಿಮ. ಆ ಸಾಲಿನಲ್ಲಿ ಪಾಸ್‌ವರ್ಡ್ ತಪ್ಪಾದರೆ ಮುಂದಿನ ಸಾಲಿಗೆ ಹೋಗಿ ಇನ್ನೊಮ್ಮೆ ನೋಡುವುದಿಲ್ಲ. ಲಿನಕ್ಸ್ ಫೈರ್‌ವಾಲ್ ಐಪಿಟೇಬಲ್ಸ್‌ನಲ್ಲಿ ಒಪ್ಪು ಅಥವಾ ತಳ್ಳು ಎಂದು ತೀರ್ಮಾನಿಸುವ ಸಾಲು ಹೊಂದಿದ ಕೂಡಲೇ ಓದು ಅಲ್ಲಿಗೇ ನಿಲ್ಲುತ್ತದೆ. ಡಿಎನ್‌ಎಸ್ ಸರ್ವರ್ ಬೈಂಡ್‌ನ ವಿಳಾಸ ಪಟ್ಟಿಗಳೂ ಮೊದಲ ಹೊಂದಿಕೆಯವೇ. ಆದರೆ ಯಾರು ರೂಟ್ ಅಧಿಕಾರ ಬಳಸಬಹುದು ಎಂದು ಹೇಳುವ ಸುಡೋಯರ್ಸ್ ಫೈಲಿನಲ್ಲಿ ಹೊಂದಿಕೆಯಾದವುಗಳ ಪೈಕಿ ಕೊನೆಯದು ನಡೆಯುತ್ತದೆ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತೊಯ್ದರೆ ಕೈಕೊಡುವುದು ಖಂಡಿತ.

ಇನ್ನು ಕೆಲವು ಕಡೆ ಕ್ರಮಕ್ಕೆ ಬೆಲೆ ಇದೆಯೋ ಇಲ್ಲವೋ ಎನ್ನುವುದನ್ನು ಬೇರೊಂದು ಸೆಟ್ಟಿಂಗ್ ತೀರ್ಮಾನಿಸುತ್ತದೆ. ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಸರ್ವರಿನ ಸೈಫರ್ (ಎನ್‌ಕ್ರಿಪ್ಶನ್ ವಿಧಾನ) ಆದ್ಯತೆಯನ್ನು ಪಾಲಿಸು ಎಂಬ ಸ್ವಿಚ್ ಆನ್ ಇದ್ದರೆ ಸೈಫರ್ ಪಟ್ಟಿಯ ಕ್ರಮಕ್ಕೆ ಅರ್ಥವಿದೆ. ಆಫ್ ಇದ್ದರೆ ಆಯ್ಕೆ ಕ್ಲೈಂಟಿನ ಕೈಯಲ್ಲಿ. ಎಸ್‌ಎಸ್‌ಎಚ್‌ನಲ್ಲಿ ಮಾತ್ರ ಯಾವಾಗಲೂ ಕ್ಲೈಂಟಿನ ಪಟ್ಟಿಯಲ್ಲಿ ಮೊದಲು ಬರುವ, ಸರ್ವರಿಗೂ ಒಪ್ಪಿಗೆಯಾದ ಸೈಫರ್ ಆಯ್ಕೆಯಾಗುತ್ತದೆ. ಸರ್ವರಿನ ಪಟ್ಟಿಯನ್ನು ಹಿಂದುಮುಂದು ಮಾಡಿದರೂ ಫಲಿತಾಂಶ ಅದೇ.

ಹೀಗಾಗಿ ಹೋಲಿಸಲು ಹೊರಟ ಪ್ರೋಗ್ರಾಮಿನ ಕೈಪಿಡಿಯಲ್ಲಿ ಈ ಒಂದು ವಿಷಯವನ್ನಾದರೂ ಮೊದಲು ಓದಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಬರೀ ಡಿಫ್

ಯುನಿಕ್ಸ್‌ನಲ್ಲಿ 1974ರಿಂದ ಇರುವ ಡಿಫ್ ಸಾಲುಗಳನ್ನು ಬಂದ ಕ್ರಮದಲ್ಲೇ ಹೊಂದಿಸುತ್ತದೆ. ಎರಡು ಬ್ಲಾಕ್‌ಗಳು (ಒಟ್ಟಿಗಿರುವ ಸಾಲುಗಳ ಗುಂಪುಗಳು) ಜಾಗ ಅದಲುಬದಲಾದರೆ ಒಂದು ಕಡೆ ಅಳಿಸಲಾಗಿದೆ, ಇನ್ನೊಂದು ಕಡೆ ಸೇರಿಸಲಾಗಿದೆ ಎನ್ನುತ್ತದೆ, ಏಕೆಂದರೆ ಸ್ಥಳಾಂತರ ಎನ್ನುವ ಕಲ್ಪನೆಯೇ ಅದಕ್ಕಿಲ್ಲ. ಫೈಲ್ ಚಿಕ್ಕದಿದ್ದು ಕ್ರಮ ಬಹುಪಾಲು ಒಂದೇ ಇದ್ದರೆ ಇದೇ ಸಾಕು. ಖಾಲಿ ಜಾಗ, ಖಾಲಿ ಸಾಲುಗಳನ್ನು ಕಡೆಗಣಿಸುವ ಆಯ್ಕೆಗಳೂ ಇವೆ.

ಬ್ಲಾಕ್‌ಗಳು ಸ್ಥಳ ಬದಲಿಸಿರುವಾಗ ನನಗೆ ಮೆಚ್ಚುಗೆಯಾದದ್ದು ಫೈಲುಗಳ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್‌ನ ಡಿಫ್. 2017ರಲ್ಲಿ ಬಂದ 2.15ನೇ ಆವೃತ್ತಿಯಿಂದ ಅದರಲ್ಲಿ ಕಲರ್-ಮೂವ್ಡ್ ಎಂಬ ಆಯ್ಕೆ ಇದೆ. ಜಾಗ ಬದಲಿಸಿದ ಸಾಲುಗಳಿಗೆ ಅದು ಬೇರೆಯದೇ ಬಣ್ಣ ಹಚ್ಚುತ್ತದೆ, ಹೊಸ ಸಾಲು ಕಣ್ಣಿಗೆ ಹೊಡೆಯುತ್ತದೆ. ನೋ-ಇಂಡೆಕ್ಸ್ ಆಯ್ಕೆ ಕೊಟ್ಟರೆ ಗಿಟ್ ರೆಪೋದ ಹೊರಗಿನ ಎರಡು ಫೈಲುಗಳ ಮೇಲೂ ನಡೆಯುತ್ತದೆ. ಇದು ತೀರ್ಪು ಕೊಡುವ ಸಾಧನವಲ್ಲ, ಮನುಷ್ಯರ ಓದಿಗೆ ನೆರವು. ಸರಿದ ಸಾಲು ಸರಿಯಬಹುದಿತ್ತೇ ಎಂಬುದನ್ನು ನೀವೇ ಹೇಳಬೇಕು. ಹಾಗಿದ್ದೂ ಮುಖ್ಯ ಬದಲಾವಣೆಗೆ ಕಣ್ಣು ಹಾಯಿಸುವಾಗ ಇದನ್ನು ನಾನು ಬಿಡುವುದಿಲ್ಲ, ಏಕೆಂದರೆ ಇದು ಏನನ್ನೂ ಅಡಗಿಸುವುದಿಲ್ಲ.

ಸಾರ್ಟ್ ಮಾಡಿ ಆಮೇಲೆ ಡಿಫ್

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಎರಡೂ ಫೈಲುಗಳನ್ನು ಸಾರ್ಟ್ ಮಾಡು, ಹೋಲಿಸು. ಪ್ರತಿ ಸಾಲೂ ತನ್ನಷ್ಟಕ್ಕೆ ತಾನೇ ಪೂರ್ಣವಾಗಿರುವ ಫೈಲುಗಳಿಗೆ, ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಫೈಲು, ಸಿಸ್‌ಸಿಟಿಎಲ್ ಫೈಲು, ಮುಂದುವರಿಕೆ ಸಾಲುಗಳಿಲ್ಲದ ಜಾವಾ ಪ್ರಾಪರ್ಟೀಸ್ ಫೈಲು, ಇಂಥವಕ್ಕೆ ಇದು ನಿಜಕ್ಕೂ ಚೆನ್ನಾಗಿದೆ. ಆದರೆ ಮಾಡುವುದನ್ನು ಸರಿಯಾಗಿ ಮಾಡಬೇಕು.

ಮೊದಲು ಸಾಲಿನ ಆರಂಭದಲ್ಲೇ ಹ್ಯಾಶ್ ಇರುವ ಕಮೆಂಟುಗಳನ್ನು ಮಾತ್ರ ತೆಗೆಯಿರಿ. ಸಾಲಿನ ನಡುವಿನ ಹ್ಯಾಶ್ ಮುಟ್ಟಬೇಡಿ, ಅದು ಪಾಸ್‌ವರ್ಡಿನ ಒಂದು ಅಕ್ಷರವಾಗಿರಬಹುದು. ಸಮ ಚಿಹ್ನೆಯ ಅಕ್ಕಪಕ್ಕದ ಖಾಲಿ ಜಾಗ ಕಳೆಯಿರಿ. ಎರಡೂ ಯಂತ್ರಗಳಲ್ಲಿ ಲೊಕೇಲ್ (ಭಾಷೆ, ಅಕ್ಷರಕ್ರಮದ ಸೆಟ್ಟಿಂಗ್) ಬೇರೆ ಇದ್ದರೆ ಸಾರ್ಟ್ ಕ್ರಮವೇ ಬೇರೆಯಾಗುತ್ತದೆ, ಆದ್ದರಿಂದ ಎಲ್‌ಸಿ_ಆಲ್ ಅನ್ನು ಸಿ ಎಂದಿಟ್ಟೇ ಸಾರ್ಟ್ ಓಡಿಸಿ. ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಬಿಡುತ್ತಾರೆ: ಇಡೀ ಸಾಲಿನ ಮೇಲೆ ಸಾರ್ಟ್ ಮಾಡಿದರೆ ಒಂದೇ ಕೀ ಎರಡು ಸಲ ಬಂದಾಗ ಯಾವುದು ಮೊದಲಿತ್ತು ಎನ್ನುವ ಮಾಹಿತಿ ಅಳಿಸಿಹೋಗುತ್ತದೆ. ಸಾರ್ಟ್‌ಗೆ ಸಮ ಚಿಹ್ನೆಯನ್ನು ವಿಭಾಜಕವೆಂದು ಹೇಳಿ, ಮೊದಲ ಭಾಗದ ಮೇಲೆ ಮಾತ್ರ, ಸ್ಟೇಬಲ್ ಆಯ್ಕೆಯೊಂದಿಗೆ ಓಡಿಸಿ. ಆಗ ಬೇರೆ ಬೇರೆ ಕೀಗಳು ಅಕ್ಷರಮಾಲೆಗೆ ಹೊಂದಿಕೊಳ್ಳುತ್ತವೆ, ಒಂದೇ ಕೀಯ ಸಾಲುಗಳು ತಮ್ಮ ಮೂಲ ಕ್ರಮದಲ್ಲೇ ಉಳಿಯುತ್ತವೆ. ಕೊನೆಯದು ಗೆಲ್ಲುವ ಫೈಲಿಗೆ ಇದು ಜೀವ ಉಳಿಸುವ ವಿವರ.

ಬ್ಲಾಕ್ ಇರುವ ಫೈಲುಗಳಿಗೆ ಮಾತ್ರ ಇದನ್ನು ಬಳಸಲೇಬೇಡಿ. ಕಾರಣಕ್ಕೆ ಒಂದು ಉದಾಹರಣೆ. ಎಂಜಿನ್‌ಎಕ್ಸ್‌ನಲ್ಲಿ ಎರಡು ಸರ್ವರ್ ಬ್ಲಾಕ್‌ಗಳಿವೆ ಎಂದುಕೊಳ್ಳಿ. ಮೊದಲನೆಯದು 80ನೇ ಪೋರ್ಟಿನಲ್ಲಿ ಸಾರ್ವಜನಿಕ ಫೋಲ್ಡರನ್ನು ಬಡಿಸುತ್ತದೆ, ಎರಡನೆಯದು 8080ರಲ್ಲಿ ಆಡಳಿತದ ಫೋಲ್ಡರನ್ನು. ಇನ್ನೊಂದು ಫೈಲಿನಲ್ಲಿ ಪೋರ್ಟ್ ಸಾಲುಗಳು ಮಾತ್ರ ಅದಲುಬದಲಾಗಿವೆ; ಆಡಳಿತದ ಫೋಲ್ಡರ್ ಈಗ 80ರಲ್ಲಿ ಜಗತ್ತಿಗೆ ತೆರೆದಿದೆ. ಎರಡೂ ಫೈಲುಗಳನ್ನು ಸಾರ್ಟ್ ಮಾಡಿ. ಅವೇ ಸಾಲುಗಳು, ಅಷ್ಟೇ ಸಾಲುಗಳು. ಡಿಫ್ ಒಂದು ಸೊಲ್ಲೂ ಎತ್ತುವುದಿಲ್ಲ. ಬ್ಲಾಕ್ ಇಲ್ಲದಿದ್ದರೂ ಒಂದು ಸೆಟ್ಟಿಂಗ್ ಹಲವು ಸಾಲುಗಳಿಗೆ ಹರಡುವ ಫೈಲುಗಳಲ್ಲಿ ಇದೇ ಗಂಡಾಂತರ ಇದೆ. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್‌ನ ಮುಖ್ಯ ಫೈಲಿನಲ್ಲಿ ಖಾಲಿ ಜಾಗದಿಂದ ಆರಂಭವಾಗುವ ಸಾಲು ಹಿಂದಿನ ಸಾಲಿನ ಮುಂದುವರಿಕೆ. ಸಾರ್ಟ್ ಅದನ್ನು ಅದರ ಒಡೆಯನಿಂದ ಕಿತ್ತು ಎಲ್ಲೋ ಎಸೆಯುತ್ತದೆ.

ಪ್ರತಿ ಸಾಲಿಗೂ ಪೂರ್ತಿ ವಿಳಾಸ

ಸೆಕ್ಷನ್‌ಗಳಿರುವ ಐಎನ್‌ಐ ಮಾದರಿಯ ಫೈಲುಗಳಿಗೆ ಪರಿಹಾರ ಸರಳ. ಪ್ರತಿ ಸಾಲಿನ ಮುಂದೆ ಅದು ಯಾವ ಸೆಕ್ಷನ್‌ಗೆ ಸೇರಿದ್ದು ಎಂದು ಅಂಟಿಸಿ, ಆಮೇಲೆ ಮೇಲೆ ಹೇಳಿದ ಸ್ಟೇಬಲ್ ಸಾರ್ಟ್ ಮಾಡಿ. ಪಠ್ಯ ಸಂಸ್ಕರಿಸುವ ಸಾಧನ ಆಕ್‌ನ ನಾಲ್ಕೈದು ಸಾಲುಗಳ ಕೆಲಸ. ಸೆಕ್ಷನ್ ಹೆಸರಿನ ಸಾಲು ಸಿಕ್ಕಾಗ ನೆನಪಿಟ್ಟುಕೊಳ್ಳುವುದು, ಉಳಿದ ಸಾಲುಗಳಿಗೆ ಅದನ್ನು ಚುಕ್ಕಿಯೊಂದಿಗೆ ಸೇರಿಸಿ ಬರೆಯುವುದು. ಗಿಟ್‌ನ ಕಾನ್ಫಿಗ್ ಆದೇಶಕ್ಕೂ ಬೇರೆ ಫೈಲ್ ಕೊಟ್ಟು ಪಟ್ಟಿ ಕೇಳಬಹುದು, ಅದು ಇದೇ ರೂಪದಲ್ಲಿ ಕಕ್ಕುತ್ತದೆ. ಆದರೆ ಕೀಯಲ್ಲಿ ಅಂಡರ್‌ಸ್ಕೋರ್ ಕಂಡರೆ ಅದು ನಿರಾಕರಿಸುತ್ತದೆ, ಹಾಗಾಗಿ ಮೈಎಸ್‌ಕ್ಯೂಎಲ್ ಫೈಲುಗಳಿಗೆ ಉಪಯೋಗವಿಲ್ಲ. ಮೈಎಸ್‌ಕ್ಯೂಎಲ್ ಆಯ್ಕೆಗಳ ಹೆಸರಿನಲ್ಲಿ ಹೈಫನ್ ಮತ್ತು ಅಂಡರ್‌ಸ್ಕೋರ್ ಎರಡೂ ಒಂದೇ ಎನ್ನುವುದನ್ನೂ ನಿಮ್ಮ ಸ್ಕ್ರಿಪ್ಟ್ ತಿಳಿದಿರಬೇಕು.

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಓಡಿಸುವ ಸಿಸ್ಟಮ್‌ಡಿಯ ಯೂನಿಟ್ ಫೈಲುಗಳು ನೋಡಲು ಐಎನ್‌ಐ ಥರವೇ ಇದ್ದರೂ ಎಚ್ಚರ ಬೇಕು. ಅಲ್ಲಿ ಪಟ್ಟಿ ರೂಪದ ಸೆಟ್ಟಿಂಗ್‌ಗೆ ಖಾಲಿ ಬೆಲೆ ಕೊಟ್ಟರೆ ಅದುವರೆಗಿನ ಪಟ್ಟಿಯೆಲ್ಲ ಅಳಿಸಿ ಹೊಸದಾಗಿ ಶುರುವಾಗುತ್ತದೆ. ಯಾವ ಆದೇಶ ಓಡಬೇಕೆಂದು ಹೇಳುವ ಎಕ್ಸೆಕ್‌ಸ್ಟಾರ್ಟ್‌ನ ಖಾಲಿ ಸಾಲೊಂದು ಮೇಲಿದೆಯೋ ಕೆಳಗಿದೆಯೋ ಎನ್ನುವುದರ ಮೇಲೆ ಸರ್ವಿಸ್ ಓಡುವುದೇ ನಿಂತಿದೆ.

ಆಗಿಯಸ್ ಎಂಬ ಸಾಧನ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಲಿನಕ್ಸ್‌ನ ಹಲವಾರು ಕಾನ್ಫಿಗ್ ರೂಪಗಳಿಗೆ ಅದರಲ್ಲಿ ಸಿದ್ಧ ಪಾರ್ಸರ್‌ಗಳಿವೆ (ಫೈಲನ್ನು ಓದಿ ಬಿಡಿಸುವ ಕೋಡ್), ಫೈಲನ್ನು ಮರದ ರೂಪಕ್ಕೆ ತಂದು ಪ್ರತಿ ಎಲೆಗೂ ಪೂರ್ತಿ ಪಾತ್ ಬರೆದುಕೊಡುತ್ತದೆ. ಪುನರಾವರ್ತನೆಯಾದ ಕೀಗಳಿಗೆ ಎಣಿಕೆಯನ್ನೂ ಹಾಕುತ್ತದೆ. ಬಗೆಬಗೆಯ ಫೈಲುಗಳನ್ನು ಪದೇಪದೇ ಹೋಲಿಸಬೇಕಾದವರಿಗೆ ಕಲಿಯಲು ಯೋಗ್ಯ. ಒಂದೇ ಸಲದ ಕೆಲಸಕ್ಕೆ ಆಕ್ ಸಾಕು.

ಜೇಸನ್, ಯಾಮಲ್, ಎಕ್ಸ್‌ಎಂಎಲ್

ಇಲ್ಲಿ ಅರ್ಧ ಉತ್ತರವನ್ನು ರೂಪದ ನಿಯಮವೇ ಕೊಟ್ಟುಬಿಟ್ಟಿದೆ. ಜೇಸನ್‌ನ ಈಗಿನ ಮಾನದಂಡ ಆರ್‌ಎಫ್‌ಸಿ 8259ರ ಪ್ರಕಾರ ಆಬ್ಜೆಕ್ಟಿನ ಕೀಗಳಿಗೆ ಕ್ರಮವಿಲ್ಲ, ಅರೇಗೆ ಕ್ರಮವಿದೆ. ಆದ್ದರಿಂದ ಜೇಸನ್ ಸಂಸ್ಕರಿಸುವ ಸಾಧನ ಜೆಕ್ಯೂಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಎರಡೂ ಫೈಲುಗಳ ಕೀಗಳನ್ನು ಸಾರ್ಟ್ ಮಾಡಿಸಿ, ಡಿಫ್‌ಗೆ ಕೊಡಿ. ಹತ್ತರಲ್ಲಿ ಒಂಬತ್ತು ಸಲ ಕೆಲಸ ಇಲ್ಲಿಗೇ ಮುಗಿಯಿತು. ಅರೇಗಳನ್ನೂ ಸಾರ್ಟ್ ಮಾಡಿಬಿಡೋಣ ಎಂಬ ಆಸೆ ಬರುತ್ತದೆ, ವಾಕ್ ಫಂಕ್ಷನ್ ಬಳಸಿ ಒಂದೇ ಸಾಲಿನಲ್ಲಿ ಸಾಧ್ಯ ಕೂಡ. ಆದರೆ ಇಡೀ ಫೈಲಿಗೆ ಮಾಡಬೇಡಿ. ಅನುಮತಿಸಿದ ಡೊಮೈನುಗಳ ಪಟ್ಟಿಯನ್ನು ಸಾರ್ಟ್ ಮಾಡಬಹುದು, ರೌಟಿಂಗ್ ನಿಯಮಗಳ ಪಟ್ಟಿಯನ್ನು ಮಾಡಬಾರದು. ಯಾವ ಅರೇ ಎಂದು ಪಾತ್ ಹೆಸರಿಸಿಯೇ ಸಾರ್ಟ್ ಮಾಡಿಸಿ. ಒಂದೇ ಆಬ್ಜೆಕ್ಟಿನಲ್ಲಿ ಒಂದೇ ಕೀ ಎರಡು ಸಲ ಇದ್ದರೆ ಜೆಕ್ಯೂ ಸದ್ದಿಲ್ಲದೆ ಕೊನೆಯದನ್ನು ಇಟ್ಟುಕೊಳ್ಳುತ್ತದೆ ಎನ್ನುವುದೂ ತಿಳಿದಿರಲಿ. ನಿಮ್ಮ ಪ್ರೋಗ್ರಾಮಿನ ಪಾರ್ಸರ್ ಹಾಗೇ ಮಾಡಬೇಕೆಂದಿಲ್ಲ.

ಯಾಮಲ್‌ಗೆ ಅಂಥದೇ ವೈಕ್ಯೂ ಇದೆ, ವ್ಯತ್ಯಾಸವನ್ನು ಪಾತ್ ಸಮೇತ ತೋರಿಸುವ ಡೈಫ್ ಎಂಬ ಸಾಧನವೂ ಇದೆ. ತೊಡಕು ಪಾರ್ಸರಿನದು. ಉಲ್ಲೇಖ ಚಿಹ್ನೆಯಿಲ್ಲದೆ ನೋ ಎಂದು ಬರೆದರೆ ಯಾಮಲ್ 1.1 ಅನುಸರಿಸುವ ಪಾರ್ಸರ್ ಅದನ್ನು ಸುಳ್ಳು ಎಂಬ ಬೂಲಿಯನ್ ಆಗಿ ಓದುತ್ತದೆ, 1.2 ಅನುಸರಿಸುವುದು ಎರಡಕ್ಷರದ ಪದವಾಗಿ ಓದುತ್ತದೆ. ಹೋಲಿಸುವ ಸಾಧನ ಒಂದು ಆವೃತ್ತಿಯದು, ಸರ್ವರ್ ಇನ್ನೊಂದರದು ಆದರೆ ಹೋಲಿಕೆಯ ಫಲಿತಾಂಶ ಸರ್ವರಿಗೆ ಅನ್ವಯಿಸುವುದಿಲ್ಲ.

ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗಿನೊಳಗಿನ ಆಟ್ರಿಬ್ಯೂಟ್‌ಗಳಿಗೆ ಕ್ರಮವಿಲ್ಲ, ಎಲಿಮೆಂಟುಗಳಿಗೆ ಇದೆ. ಎಕ್ಸ್‌ಎಂಎಲ್‌ಲಿಂಟ್‌ನ ಸಿ14ಎನ್ ಆಯ್ಕೆ ಆಟ್ರಿಬ್ಯೂಟ್‌ಗಳನ್ನು ನಿಗದಿತ ಕ್ರಮಕ್ಕೆ ತರುತ್ತದೆ, ಎಲಿಮೆಂಟುಗಳನ್ನು ಮುಟ್ಟುವುದಿಲ್ಲ.

ಓದುವವನನ್ನೇ ಕೇಳುವುದು

ನನ್ನ ಮೊದಲ ಆಯ್ಕೆ ಇದು, ಸಿಗುವ ಕಡೆಯಲ್ಲೆಲ್ಲ. ಫೈಲಿನ ಅರ್ಥವೇನು ಎಂದು ಹೊರಗಿನ ಸ್ಕ್ರಿಪ್ಟ್ ಊಹಿಸುವುದಕ್ಕಿಂತ, ಅದನ್ನು ಓದುವ ಪ್ರೋಗ್ರಾಮೇ ತಾನು ಏನು ಅರ್ಥ ಮಾಡಿಕೊಂಡೆ ಎಂದು ಹೇಳಲಿ. ಇನ್‌ಕ್ಲೂಡ್‌ಗಳು, ಮೊದಲು ಕೊನೆ ಗೆಲ್ಲುವ ನಿಯಮಗಳು, ಡೀಫಾಲ್ಟ್‌ಗಳು ಎಲ್ಲವೂ ಆಗಲೇ ಲೆಕ್ಕಕ್ಕೆ ಬಂದಿರುತ್ತವೆ.

ಎಸ್‌ಎಸ್‌ಎಚ್‌ಡಿ ಇದರಲ್ಲಿ ಮಾದರಿ. ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ಜಾರಿಗೆ ಬರುವ ಸೆಟ್ಟಿಂಗ್‌ಗಳನ್ನೆಲ್ಲ ಸಣ್ಣಕ್ಷರದಲ್ಲಿ, ಡೀಫಾಲ್ಟ್ ಸಮೇತ, ತನ್ನದೇ ನಿಗದಿತ ಕ್ರಮದಲ್ಲಿ ಬರೆಯುತ್ತದೆ. ನೇರ ಡಿಫ್ ಸಾಕು. ಕೆಲವು ಬಳಕೆದಾರರಿಗೆ ಅಥವಾ ವಿಳಾಸಗಳಿಗೆ ಮಾತ್ರ ಅನ್ವಯಿಸುವ ಮ್ಯಾಚ್ ಬ್ಲಾಕ್‌ಗಳಿದ್ದರೆ ಇದೊಂದೇ ಸಾಲದು. ದೊಡ್ಡಕ್ಷರದ ಸಿ ಆಯ್ಕೆಯಲ್ಲಿ ಬಳಕೆದಾರ, ಹೋಸ್ಟ್, ವಿಳಾಸ ಕೊಟ್ಟು, ಮುಖ್ಯವಾದ ಪ್ರತಿ ಗುಂಪಿಗೂ ಒಂದೊಂದು ಸಲ ಕೇಳಬೇಕು. ಪೋಸ್ಟ್‌ಫಿಕ್ಸ್‌ಗೆ ಪೋಸ್ಟ್‌ಕಾನ್ಫ್ ಎನ್ ಆಯ್ಕೆ, ಮೇಲ್‌ಬಾಕ್ಸ್ ಸರ್ವರ್ ಡವ್‌ಕಾಟ್‌ಗೆ ಡವ್‌ಕಾನ್ಫ್ ಎನ್ ಆಯ್ಕೆ, ಫೈಲ್ ಹಂಚುವ ಸಾಂಬಾಗೆ ಟೆಸ್ಟ್‌ಪಾರ್ಮ್ ಎಸ್ ಆಯ್ಕೆ ಇವೆ. ಬೈಂಡ್‌ನ ನೇಮ್ಡ್-ಚೆಕ್‌ಕಾನ್ಫ್ ಪಿ ಆಯ್ಕೆಯಲ್ಲಿ ಇನ್‌ಕ್ಲೂಡ್‌ಗಳನ್ನೂ ಸೇರಿಸಿ ಒಂದೇ ಶಿಸ್ತಿನ ರೂಪದಲ್ಲಿ ಮುದ್ರಿಸುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಎಸ್‌ಕ್ಯೂಎಲ್‌ನಿಂದಲೇ ಕೇಳಬಹುದು. ಪಿಜಿ_ಸೆಟ್ಟಿಂಗ್ಸ್ ಈಗ ಮೆಮೊರಿಯಲ್ಲಿ ನಡೆಯುತ್ತಿರುವುದನ್ನು ತೋರಿಸುತ್ತದೆ. 9.5ರಿಂದ ಇರುವ ಪಿಜಿ_ಫೈಲ್_ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿರುವುದನ್ನು ತೋರಿಸುತ್ತದೆ. 10ರಿಂದ ಪಿಜಿ_ಎಚ್‌ಬಿಎ ನಿಯಮಗಳಿಗೂ ಅಂಥದೇ ವ್ಯೂ ಇದೆ. ಅದನ್ನು ಮಾತ್ರ ಸಾಲಿನ ಸಂಖ್ಯೆಯ ಕ್ರಮದಲ್ಲೇ ತೆಗೆಯಬೇಕು, ಹೆಸರಿನ ಕ್ರಮದಲ್ಲಲ್ಲ. ಫೈಲಿನಲ್ಲಿರುವುದು ಮತ್ತು ಮೆಮೊರಿಯಲ್ಲಿರುವುದು ಬೇರೆಬೇರೆ ಎನ್ನುವುದನ್ನು ಇಲ್ಲಿ ಮರೆಯಬೇಡಿ. ಯಾರೋ ಫೈಲ್ ತಿದ್ದಿ ರೀಲೋಡ್ ಮಾಡದೆ ಹೋಗಿದ್ದರೆ ಎರಡು ಸರ್ವರ್‌ಗಳ ಫೈಲುಗಳು ಒಂದೇ ಇದ್ದೂ ನಡವಳಿಕೆ ಬೇರೆ ಇರುತ್ತದೆ. ಎಸ್‌ಎಸ್‌ಎಚ್‌ಡಿಯ ಟಿ ಆಯ್ಕೆ ಓದುವುದು ಡಿಸ್ಕಿನ ಫೈಲನ್ನು, ಹಿನ್ನೆಲೆಯಲ್ಲಿ ಆಗಲೇ ಓಡುತ್ತಿರುವ ಪ್ರೋಗ್ರಾಮನ್ನು (ಡೀಮನ್) ಅಲ್ಲ.

ಈ ದಾರಿಯ ಮಿತಿಯೂ ಇದೆ. ಎರಡು ಯಂತ್ರಗಳಲ್ಲಿ ಪ್ರೋಗ್ರಾಮಿನ ಆವೃತ್ತಿ ಬೇರೆ ಇದ್ದರೆ ಬದಲಾದ ಡೀಫಾಲ್ಟ್‌ಗಳೆಲ್ಲ ವ್ಯತ್ಯಾಸವಾಗಿ ಬರುತ್ತವೆ. ಅದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ನಡವಳಿಕೆ ನಿಜಕ್ಕೂ ಬದಲಾಗಿದೆ. ಫೈಲುಗಳನ್ನು ಮಾತ್ರ ಹೋಲಿಸಬೇಕಿದ್ದರೆ ಎರಡನ್ನೂ ಒಂದೇ ಯಂತ್ರಕ್ಕೆ ತಂದು ಒಂದೇ ಬೈನರಿಯಿಂದ ಓದಿಸಿ. ಹೀಗೆ ತೆಗೆದ ಪಟ್ಟಿಗಳಲ್ಲಿ ಪಾಸ್‌ವರ್ಡ್‌ಗಳು ಇರಬಹುದು. ಬೇರೆಯವರಿಗೆ ಕಳಿಸುವ ಮೊದಲು ನೋಡಿ.

ಎಂಜಿನ್‌ಎಕ್ಸ್ ಮತ್ತು ಅಪಾಚೆ

ಎಂಜಿನ್‌ಎಕ್ಸ್‌ಗೂ ದೊಡ್ಡಕ್ಷರದ ಟಿ ಆಯ್ಕೆ ಇದೆ, ಆದರೆ ಹೆಸರು ಒಂದೇ ಎಂದು ಮೋಸಹೋಗಬೇಡಿ. ಅದು ಇನ್‌ಕ್ಲೂಡ್ ಆದ ಫೈಲುಗಳನ್ನೆಲ್ಲ ಇದ್ದದ್ದು ಇದ್ದಂತೆ ಕಕ್ಕುತ್ತದೆಯೇ ಹೊರತು ಅರ್ಥಕ್ಕೆ ಇಳಿಸುವುದಿಲ್ಲ. ಮುಂದಿನ ಹೆಜ್ಜೆಗೆ ಕ್ರಾಸ್‌ಪ್ಲೇನ್ ಎಂಬ ಪೈಥಾನ್ ಸಾಧನ ಬೇಕು. ಅದು ಕಾನ್ಫಿಗನ್ನು ಜೇಸನ್ ಮಾಡಿಕೊಡುತ್ತದೆ. ಡೈರೆಕ್ಟಿವ್‌ಗಳು ಅರೇ ಆಗಿ ಬರುವುದರಿಂದ ಕೀ ಸಾರ್ಟ್ ಮಾಡಿದ ಮಾತ್ರಕ್ಕೆ ಕ್ರಮದ ಗದ್ದಲ ಹೋಗುವುದಿಲ್ಲ. ಯಾವುದನ್ನು ಸಾರ್ಟ್ ಮಾಡಬಹುದು ಎಂಬ ಪಟ್ಟಿ ನೀವೇ ಕೊಡಬೇಕು, ಪಟ್ಟಿಯಲ್ಲಿಲ್ಲದ್ದನ್ನು ಸ್ಕ್ರಿಪ್ಟ್ ಮುಟ್ಟಬಾರದು.

ಪಟ್ಟಿಗೆ ಸೇರಿಸಬಾರದವು ಇವು. ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುವ ಲೊಕೇಶನ್‌ಗಳು ಫೈಲಿನಲ್ಲಿ ಬಂದ ಕ್ರಮದಲ್ಲೇ ಪರೀಕ್ಷೆಗೊಳ್ಳುತ್ತವೆ, ಮೊದಲು ಹೊಂದಿದ್ದು ನಿಲ್ಲುತ್ತದೆ. ಸಾಮಾನ್ಯ ಪ್ರಿಫಿಕ್ಸ್ ಲೊಕೇಶನ್‌ಗಳಲ್ಲಿ ಅತಿ ಉದ್ದದ್ದು ಗೆಲ್ಲುವುದರಿಂದ ಅವುಗಳ ಕ್ರಮ ಬದಲಾದರೆ ಚಿಂತೆಯಿಲ್ಲ. ಅಲೋ ಮತ್ತು ಡಿನೈ, ರೀರೈಟ್, ಸೆಟ್, ರಿಟರ್ನ್ ಇವೆಲ್ಲ ಕ್ರಮಬದ್ಧ. ಡೀಫಾಲ್ಟ್ ಎಂದು ಯಾವ ಸರ್ವರ್ ಬ್ಲಾಕನ್ನೂ ಗುರುತಿಸದಿದ್ದರೆ ಆ ಪೋರ್ಟಿಗೆ ಮೊದಲು ಸಿಕ್ಕ ಬ್ಲಾಕೇ ಡೀಫಾಲ್ಟ್. ಹೀಗಾಗಿ ಸೈಟುಗಳ ಫೈಲುಗಳಿಗೆ ಬೇರೆ ಹೆಸರಿಟ್ಟರೂ ಸಾಕು, ಇನ್‌ಕ್ಲೂಡ್ ಅಕ್ಷರಕ್ರಮದಲ್ಲಿ ಎಳೆದುಕೊಳ್ಳುವುದರಿಂದ ಡೀಫಾಲ್ಟ್ ಸೈಟೇ ಬದಲಾಗಬಹುದು.

ಇನ್ನೊಂದು ವೆಬ್ ಸರ್ವರ್ ಅಪಾಚೆಯಲ್ಲೂ ಒಂದೇ ವಿಳಾಸ, ಪೋರ್ಟಿಗೆ ಮೊದಲ ವರ್ಚುವಲ್ ಹೋಸ್ಟ್ (ಒಂದು ಸೈಟಿನ ಬ್ಲಾಕ್) ಡೀಫಾಲ್ಟ್. ಅಪಾಚೆಸಿಟಿಎಲ್‌ನ ದೊಡ್ಡಕ್ಷರದ ಎಸ್ ಆಯ್ಕೆ ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಡೈರೆಕ್ಟರಿ ಬ್ಲಾಕ್‌ಗಳನ್ನು ಅದು ಚಿಕ್ಕ ಪಾತ್‌ನಿಂದ ದೊಡ್ಡ ಪಾತ್‌ಗೆ ತಾನೇ ಜೋಡಿಸಿಕೊಳ್ಳುತ್ತದೆ, ಆದರೆ ಲೊಕೇಶನ್ ಬ್ಲಾಕ್‌ಗಳನ್ನು ಫೈಲಿನ ಕ್ರಮದಲ್ಲೇ ಓದುತ್ತದೆ.

ಉತ್ತರಗಳನ್ನು ಹೋಲಿಸುವುದು

ನಿಯಮಗಳು ಒಂದರ ಮೇಲೊಂದು ಬೀಳುವಲ್ಲಿ, ಅಥವಾ ಕಾನ್ಫಿಗ್‌ನೊಳಗೆ ಲುವಾ ಥರದ ಕೋಡ್ ಇರುವಲ್ಲಿ, ಬರಹ ನೋಡಿ ಸಮಾನತೆ ಸಾಧಿಸಲು ಹೋಗಬೇಡಿ. ಎರಡು ಸರ್ವರುಗಳಿಗೂ ಒಂದೇ ಪ್ರಶ್ನೆಗಳನ್ನು ಹಾಕಿ ಉತ್ತರ ಹೋಲಿಸಿ. ವೆಬ್ ಸರ್ವರಾದರೆ ಹಳೆಯ ಆಕ್ಸೆಸ್ ಲಾಗಿನಿಂದ ಬೇರೆಬೇರೆ ಬಗೆಯ ಯುಆರ್‌ಎಲ್‌ಗಳನ್ನು ಆರಿಸಿ ಎರಡಕ್ಕೂ ಕಳಿಸಿ. ಸ್ಟೇಟಸ್ ಕೋಡ್, ರೀಡೈರೆಕ್ಟ್ ಆಗುವ ವಿಳಾಸ, ಹೆಡರ್‌ಗಳನ್ನು ಹೋಲಿಸಿ. ದಿನಾಂಕದ ಹೆಡರ್ ಬಿಟ್ಟುಬಿಡಿ. ಗೊತ್ತಿಲ್ಲದ ಹೋಸ್ಟ್ ಹೆಸರಿನ ಕೋರಿಕೆಯೊಂದನ್ನು ಸೇರಿಸಲೇಬೇಕು, ಡೀಫಾಲ್ಟ್ ಸೈಟ್ ಬದಲಾಗಿದ್ದರೆ ಸಿಕ್ಕಿಬೀಳುವುದು ಅಲ್ಲೇ. ನಿರಾಕರಣೆಯಾಗಬೇಕಾದ ಕೋರಿಕೆಗಳೂ ಇರಲಿ. ಕೇಳದ ಪ್ರಶ್ನೆಯ ಬಗ್ಗೆ ಈ ವಿಧಾನ ಏನೂ ಹೇಳುವುದಿಲ್ಲ, ಹಾಗಾಗಿ ಇದನ್ನು ಮೇಲಿನ ಯಾವುದಾದರೊಂದರ ಜೊತೆ ಸೇರಿಸಿಯೇ ಬಳಸಿ.

ಸಮಯ ಕಡಿಮೆ ಇದ್ದರೆ ನಾನು ಹಿಡಿಯುವ ಕ್ರಮ ಹೀಗೆ: ಪ್ರೋಗ್ರಾಮ್ ತಾನೇ ಬರೆದುಕೊಡುತ್ತದೆಯೇ ನೋಡು, ಇಲ್ಲದಿದ್ದರೆ ಆ ರೂಪದ ನಿಜವಾದ ಪಾರ್ಸರ್ ಹುಡುಕು, ಅದೂ ಇಲ್ಲದಿದ್ದರೆ ವಿಳಾಸ ಅಂಟಿಸಿ ಸ್ಟೇಬಲ್ ಸಾರ್ಟ್. ಪಿಜಿ_ಎಚ್‌ಬಿಎ, ಸುಡೋಯರ್ಸ್, ಫೈರ್‌ವಾಲ್ ನಿಯಮಗಳನ್ನು ಮಾತ್ರ ಕಮೆಂಟು, ಖಾಲಿ ಜಾಗ ಬಿಟ್ಟು ಬೇರೇನನ್ನೂ ಮುಟ್ಟದೆ ಬರೀ ಡಿಫ್‌ನಲ್ಲಿ ಹೋಲಿಸಿ, ಬಂದ ಒಂದೊಂದು ವ್ಯತ್ಯಾಸವನ್ನೂ ಕೂತು ಓದುತ್ತೇನೆ.

ಹಳೆಯ ಫೈಲನ್ನು ಟೆಂಪ್ಲೇಟಿಗೆ ಒಗ್ಗಿಸುವ ಕೆಲಸ ಮುಂದೆ ಇದ್ದರೆ, ಸಾಲುಗಳ ಕ್ರಮ ಬದಲಿಸುವ ಕಮಿಟ್ (ಗಿಟ್‌ನಲ್ಲಿ ದಾಖಲಿಸುವ ಒಂದು ಬದಲಾವಣೆ) ಮತ್ತು ಬೆಲೆ ಬದಲಿಸುವ ಕಮಿಟ್ ಬೇರೆಬೇರೆ ಮಾಡಿ. ಮೊದಲ ಕಮಿಟ್ಟಿನ ಹಿಂದಿನ ಮತ್ತು ಮುಂದಿನ ಪಟ್ಟಿಗಳನ್ನು ಪ್ರೋಗ್ರಾಮಿನಿಂದಲೇ ತೆಗೆಸಿ ಹೋಲಿಸಿದರೆ ಡಿಫ್ ಪೂರ್ತಿ ಖಾಲಿ ಬರಬೇಕು. ಒಂದು ಸಾಲು ಬಂದರೂ ಎರಡನೆಯ ಕಮಿಟ್ಟಿಗೆ ಕೈ ಹಾಕಬೇಡಿ.